ಯಾರೂ ಇಳಿಯದ ಕೆಸರು

ಗಂಡನಿಗೆ ಹೊಡೆದ ಹೆಂಗಸು ಎಂದೇ ಸೇವಂತಿಗೆ ಶಿಂಪ್ಲಿವಾಡಿಯಲ್ಲಿ ಹೆಸರು. ಹೊಡೆದದ್ದು ಸುಳ್ಳೇನಲ್ಲ. ಗಂಡ ಐತ ಕುಡಿದು ಬಂದು, ಮುಚ್ಚಿದ ಕೆಸರಿಗೆ ಇಳಿದು, ನಾಲ್ಕು ಹಿಡಿ ಮರುವಾಯಿ ಚಿಪ್ಪು ಬಾಚಿ ಲುಂಗಿಯ ತುದಿಗೆ ಕಟ್ಟಿಕೊಂಡಿದ್ದ. ಸೇವಂತಿ ಅವನನ್ನು ರಟ್ಟೆ ಹಿಡಿದು ದಂಡೆಗೆ ಎಳೆತಂದು, ನಲವತ್ತು ಹೆಂಗಸರ ಎದುರಿಗೆ ಬುಟ್ಟಿ ಮುರಿಯುವವರೆಗೆ ಬಡಿದಳು. ಅಷ್ಟಕ್ಕೇ ಬಿಡಲಿಲ್ಲ. ಕಟ್ಟಿಕೊಂಡಿದ್ದನ್ನು ಒಂದೊಂದಾಗಿ ಎಣಿಸಿ ನೀರಿಗೆ ಹಾಕಿಸಿದಳು. ಮರುದಿನ ಮೂಗು ಊದಿಸಿಕೊಂಡು ಐಸ್ ಹೊರಲು ಹೋದ ಐತ, ಕೇಳಿದವರಿಗೆಲ್ಲ ‘ಕಾನೂನು ಅಂದ್ರೆ ಕಾನೂನು ಮಾರಾಯ, ಹೆಂಡತಿಯದ್ದಾದರೂ ಅಷ್ಟೇ’ ಎಂದು ಹೇಳಿಕೊಂಡು ತಿರುಗಿದ. ಅವನಿಗೆ ಅದರಲ್ಲಿ ಒಂದು ಬಗೆಯ ಹೆಮ್ಮೆಯೇ ಇತ್ತು.

ಮುಂಬಯಿಯ ಜೋಗೇಶ್ವರಿಯ ಪಶ್ಚಿಮಕ್ಕೆ, ಬಸ್ಸು ತಿರುಗಿಕೊಳ್ಳುವ ಜಾಗದಿಂದ ಅರ್ಧ ತಾಸು ನಡೆದರೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವೆ ಖಾಡಿ. ಸಮುದ್ರದ ನೀರು ದಿನಕ್ಕೆರಡು ಸಲ ಒಳಗೆ ಬರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿದಾಗ ಉಳಿಯುವುದು ಕಪ್ಪು ಕೆಸರು. ಆ ಕೆಸರಿನೊಳಗೆ ಚಿಪ್ಪು ಮುಚ್ಚಿಕೊಂಡು ಕೂತಿರುತ್ತದೆ ಮರುವಾಯಿ. ಮರಾಠಿಯವರು ತಿಸ್ರ್ಯಾ ಅನ್ನುತ್ತಾರೆ, ದೊಡ್ಡ ಹೋಟೆಲುಗಳಲ್ಲಿ ಪಿಂಗಾಣಿ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಅದನ್ನು ತೆಗೆಯುವುದು ಕಾಲಿನಿಂದ. ತೊಡೆಯವರೆಗೆ ಹೂತುಕೊಂಡು, ಅಂಗಾಲಿನಿಂದ ತಡವಿ, ಗಟ್ಟಿಯಾದದ್ದು ಸಿಕ್ಕಿದರೆ ಬಗ್ಗಿ ಕೈ ಹಾಕಬೇಕು. ಸಿಕ್ಕಿದ್ದು ಒಡೆದ ಬಾಟಲಿಯೂ ಆಗಿರಬಹುದು. ಐದು ತಾಸು ಬಗ್ಗಿ ಎದ್ದರೆ ಸೊಂಟ ನೆಟ್ಟಗಾಗುವುದಿಲ್ಲ. ತೊಡೆಯ ಸಂದಿ ಉಪ್ಪುನೀರಿಗೆ ಸುಲಿದು ರಕ್ತ ಬರುತ್ತದೆ. ಸೇವಂತಿಯ ಎರಡೂ ಕಾಲಿನ ಹೆಬ್ಬೆರಳಿಗೆ ಉಗುರು ಇಲ್ಲದೆ ಹದಿನೈದು ವರ್ಷವಾಗಿತ್ತು. ಮುಟ್ಟಾದ ದಿನವೂ ಇಳಿಯಬೇಕು, ಬಸುರಿಯಾದರೂ ಇಳಿಯಬೇಕು. ಮಗಳು ವಿನೋದಿನಿ ಹುಟ್ಟುವ ಹಿಂದಿನ ದಿನ ಸೇವಂತಿ ಎರಡು ಬುಟ್ಟಿ ತುಂಬಿಸಿದ್ದಳು.

ಇಳಿಯುವವರೆಲ್ಲ ಹೆಂಗಸರು. ಸೇವಂತಿಯಂತೆ ಉಡುಪಿ ಕಡೆಯಿಂದ ಬಂದ ಹೊಲೆಯರ ಮನೆಯವರು, ಹಾಲವ್ವನಂತೆ ಬಿಜಾಪುರ ಕಡೆಯಿಂದ ರಸ್ತೆ ಅಗೆಯುವ ಗ್ಯಾಂಗಿನಲ್ಲಿ ಬಂದು ಇಲ್ಲಿಯೇ ಉಳಿದವರು. ಖಾಡಿಯ ಬಾಯಿಯಲ್ಲಿ ಕೋಳಿವಾಡ ಇತ್ತು. ಅಲ್ಲಿನ ಬೆಸ್ತರಿಗೆ ದೋಣಿ, ಬಲೆ, ಮೀನುಗಾರರ ಸೊಸೈಟಿ ಎಲ್ಲ ಇತ್ತು. ಯಾರು ಎಲ್ಲಿ ಬಲೆಯ ಗೂಟ ನೆಡಬೇಕು ಎಂಬುದಕ್ಕೆ ಅಜ್ಜಂದಿರ ಕಾಲದ ಕಟ್ಟಳೆ ಇತ್ತು. ಆ ಗೂಟಗಳನ್ನು ಸಮುದ್ರದ ತಳಕ್ಕೆ ಹೊಡೆದವನು ಐತ. ಹನ್ನೆರಡು ವರ್ಷ ಹೊಡೆದು ಬೆನ್ನು ಕಳೆದುಕೊಂಡ ಮೇಲೆ ಐಸ್ ಹೊರುವುದಕ್ಕೆ ಹಾಕಿದರು. ಹೆಂಗಸರು ಒಮ್ಮೆ ಸೊಸೈಟಿಗೆ ಹೋಗಿ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಿದ್ದರು. ಚೇರ್ಮನ್ ಚಾಂಗದೇವ ನಕ್ಕುಬಿಟ್ಟ. ದೋಣಿ ಇದ್ದವನಿಗೆ ಮೆಂಬರ್‌ಶಿಪ್, ಬಲೆ ಇದ್ದವನಿಗೆ ಮೆಂಬರ್‌ಶಿಪ್, ಬರಿಗೈಗೆ ಎಲ್ಲಿಯ ಮೆಂಬರ್‌ಶಿಪ್ ಎಂದ.

ಹಾಗಾಗಿ ಹೆಂಗಸರು ತಮ್ಮ ಕಟ್ಟಳೆಯನ್ನು ತಾವೇ ಮಾಡಿಕೊಂಡಿದ್ದರು. ಒಂದು ವರ್ಷ ಮರುವಾಯಿಯೇ ಸಿಗದೆ ವಾಡಿಗೆ ವಾಡಿಯೇ ಉಪವಾಸ ಬಿದ್ದಿತ್ತು. ಆ ವರ್ಷದಿಂದ ಈ ಕಟ್ಟಳೆ. ನಾರಳಿ ಪೂರ್ಣಿಮೆಯ ದಿನ ಕೋಳಿವಾಡದವರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರಲ್ಲ, ಅದೇ ದಿನ ಇವರು ಕೆಸರನ್ನು ಮುಚ್ಚುತ್ತಾರೆ. ನಾಲ್ಕು ಮೂಲೆಗೆ ಬಿದಿರು ನೆಟ್ಟು ಕೆಂಪು ಸೀರೆಯ ಚಿಂದಿ ಕಟ್ಟುತ್ತಾರೆ. ಅಲ್ಲಿಂದ ದೀಪಾವಳಿಯವರೆಗೆ ಒಂದು ಕಾಲೂ ಒಳಗೆ ಬೀಳಬಾರದು. ಅದು ಮರಿ ಕೂರುವ ಕಾಲ. ರಾಗಿಕಾಳಿನಷ್ಟು ಇರುತ್ತವೆ, ತುಳಿದರೆ ಮುಗಿಯಿತು. ಆ ಎರಡೂವರೆ ತಿಂಗಳು ವಾಡಿಯಲ್ಲಿ ಒಲೆ ಉರಿಯುವುದು ದಿನಕ್ಕೆ ಒಂದು ಸಲ. ಬೇರೆಯವರ ಸಿಗಡಿ ಸುಲಿದು, ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕಿ, ಚಿಂದಿ ಆಯ್ದು ಹೊಟ್ಟೆ ಕಟ್ಟಿಕೊಳ್ಳಬೇಕು. ಇಳಿದವರಿಗೆ ಹೊಡೆತ. ಯಾರೇ ಆಗಲಿ ಹೊಡೆತ.

ಎಂಬತ್ತೆಂಟರ ಗಣೇಶ ಚೌತಿ ಕಳೆದ ವಾರ ಪೂವಪ್ಪ ಬಂದ.

ಪೂವಪ್ಪನಿಗೆ ಅಂಧೇರಿಯಲ್ಲಿ ಎರಡು ಹೋಟೆಲು. ಊರಿನಲ್ಲಿ ಐತನ ಅಪ್ಪ ಗೇಯುತ್ತಿದ್ದದ್ದು ಪೂವಪ್ಪನ ಮನೆಯ ಗದ್ದೆಯಲ್ಲಿ. ಮುಂಬಯಿಯಲ್ಲಿ ಜಾತಿ ಯಾರು ಕೇಳುತ್ತಾರೆ ಎನ್ನುವವರು ಒಮ್ಮೆ ಆ ಹೋಟೆಲಿಗೆ ಸೇವಂತಿಯ ಜೊತೆ ಹೋಗಿ ನೋಡಬೇಕಿತ್ತು. ಮರುವಾಯಿ ಬುಟ್ಟಿ ತಂದವಳಿಗೆ ಹಿಂದಿನ ಬಾಗಿಲು. ಚಹಾ ಕೊಟ್ಟರೆ ತೆಂಗಿನ ಗೆರಟೆಯಲ್ಲಲ್ಲ, ಅಷ್ಟು ಮಟ್ಟಿಗೆ ಸುಧಾರಣೆ. ಕಿವಿ ಮುರಿದ ಒಂದು ಕಪ್ ಮೋರಿಯ ಪಕ್ಕ ಬೇರೆಯೇ ಇರುತ್ತಿತ್ತು, ಕುಡಿದು ತೊಳೆದಿಟ್ಟು ಹೋಗಬೇಕು.

ಅಂಥ ಪೂವಪ್ಪ ತಾನಾಗಿ ವಾಡಿಗೆ ಬಂದ. ಜೊತೆಗೆ ಕ್ಯಾಮೆರಾದವನೊಬ್ಬ, ಫೈಲು ಹಿಡಿದ ಗುಮಾಸ್ತನೊಬ್ಬ, ಮತ್ತೆ ಸೊಸೈಟಿಯ ಚಾಂಗದೇವ. ಸೇವಂತಿಯ ಗುಡಿಸಲಿನ ಮುಂದೆ ನಿಂತು ಕೈಗಾಡಿಯವನಿಂದ ಚಹಾ ತರಿಸಿ, ತಾನು ಕುಡಿದಂಥದ್ದೇ ಗಾಜಿನ ಲೋಟದಲ್ಲಿ ಅವಳಿಗೂ ಕೊಡಿಸಿದ. ಸೇವಂತಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಆ ಕೆಂಪು ಬಟ್ಟೆ ಎಂತದು ಸೇವಂತಿ?” ಪೂವಪ್ಪ ಕೇಳಿದ.

“ಕೆಸರು ಮುಚ್ಚಿದ್ದು ಧಣಿ. ದೀಪಾವಳಿವರೆಗೆ ಯಾರೂ ಇಳಿಲಿಕ್ಕಿಲ್ಲ.”

“ಯಾರೂ ಅಂದ್ರೆ ಯಾರೂ ಇಲ್ವಾ?”

“ಒಂದು ನಾಯಿಯನ್ನೂ ಬಿಡುದಿಲ್ಲ. ನನ್ನ ಗಂಡನಿಗೇ ಹೊಡೆದಿದ್ದೇನೆ ನಾನು. ಬೇಕಾದ್ರೆ ಅವರನ್ನೇ ಕೇಳಿ.”

ಐತ ಹಲ್ಲು ಕಿರಿದು ತಲೆಯಾಡಿಸಿದ. ಪೂವಪ್ಪನೂ ನಕ್ಕ. ಭೇಷ್ ಎಂದ. ಇದನ್ನು ಸರ್ಕಾರದ ಪುಸ್ತಕದಲ್ಲಿ ಬರೆದಿಡಬೇಕು, ಹಾಗೆ ಬರೆದಿಟ್ಟರೆ ಮುಂದೆ ಒಳ್ಳೆಯದು ಎಂದ. ಗುಮಾಸ್ತ ಬರೆದ. ಕ್ಯಾಮೆರಾದವನು ಖಾಲಿ ಕೆಸರಿನ ಫೋಟೋ ಹೊಡೆದ. ಚಾಂಗದೇವ ಸಹಿ ಹಾಕಿದ. ಸೇವಂತಿ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಹೆಬ್ಬೆಟ್ಟು ಒತ್ತಿದಳು. ಓದಿ ಹೇಳಬಲ್ಲ ವಿನೋದಿನಿ ಆ ಹೊತ್ತಿಗೆ ಜೋಗೇಶ್ವರಿಯ ಒಂದು ಗಾಳಾದಲ್ಲಿ, ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ, ಬಾಟಲಿ ಮುಚ್ಚಳ ಬೇರ್ಪಡಿಸುತ್ತಿದ್ದಳು.

ಸೇವಂತಿ ದಡ್ಡಿಯಾಗಿರಲಿಲ್ಲ. ಪೂವಪ್ಪ ಅಕ್ಕಿ ಕೊಡುತ್ತೇನೆ, ಮನೆ ಕೊಡುತ್ತೇನೆ ಎಂದಿದ್ದರೆ ಅವಳು ಅವನನ್ನು ಅನುಮಾನದಿಂದಲೇ ನೋಡುತ್ತಿದ್ದಳು. ಅವನು ಅವಳ ಕಟ್ಟಳೆಯ ಬಗ್ಗೆ ಕೇಳಿದ. ಹುಟ್ಟಿದಂದಿನಿಂದ ಯಾವ ಧಣಿಯೂ ಅವಳು ಮಾಡಿದ್ದರ ಬಗ್ಗೆ ಏನನ್ನೂ ಕೇಳಿರಲಿಲ್ಲ. ಕೇಳಿದಾಗ ಅವಳಿಗೆ ಖುಷಿಯಾಯಿತು. ಆ ಖುಷಿಗೆ ಬೆಂಕಿ ಬೀಳಲಿ ಎಂದು ಅವಳು ಆಮೇಲೆ ಎಷ್ಟು ಸಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳೋ ಲೆಕ್ಕವಿಲ್ಲ.

ದೀಪಾವಳಿ ಬಂತು. ಚಿಂದಿ ಬಿಚ್ಚುವ ಬೆಳಿಗ್ಗೆ. ಎರಡೂವರೆ ತಿಂಗಳು ಹಸಿದ ನಲವತ್ತು ಹೆಂಗಸರು ಬುಟ್ಟಿ ಹೊತ್ತು, ನಗಾಡುತ್ತ ಬಂದರು. ಐತನೂ ಬುಟ್ಟಿ ಹೊರಲು ಬಂದಿದ್ದ. ದಂಡೆಯ ಮೇಲೆ ನಾಲ್ಕು ಡಂಪರುಗಳು ನಿಂತಿದ್ದವು. ಯಾವುದೋ ಕಟ್ಟಡ ಒಡೆದ ಕಲ್ಲು, ಇಟ್ಟಿಗೆ, ಸಿಮೆಂಟಿನ ಚಪ್ಪಡಿ ತುಂಬಿಕೊಂಡು. ಇಪ್ಪತ್ತು ಮಂದಿ ಕಬ್ಬಿಣದ ಸಲಾಕೆ ಹಿಡಿದು ಸಾಲಾಗಿ ನಿಂತಿದ್ದರು. ಮೊದಲಿನ ಡಂಪರು ಆಗಲೇ ಕೆಸರಿನ ಮೇಲೆ ಸುರಿದು ಮುಗಿಸಿತ್ತು.

ಹಾಲವ್ವ ಓಡಿಹೋಗಿ ಡ್ರೈವರಿನ ಬಾಗಿಲು ಹಿಡಿದು ಜಗ್ಗಿದಳು. ಅವಳ ಬೆರಳಿನ ಮೇಲೆ ಸಲಾಕೆ ಬಿತ್ತು. ಮೂರು ಬೆರಳು ಮುರಿದವು. ಬುಟ್ಟಿಗಳನ್ನು ಒದ್ದು ಪುಡಿ ಮಾಡಿದರು. ಒಬ್ಬಳ ಸೀರೆ ಎಳೆದರು. ಎಂಟು ತಿಂಗಳ ಬಸುರಿಯೊಬ್ಬಳನ್ನು ನೂಕಿದರು, ಅವಳು ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಬಿದ್ದಳು. ಬೈಗುಳಕ್ಕೆ ಲೆಕ್ಕವಿರಲಿಲ್ಲ, ಅವನ್ನು ಇಲ್ಲಿ ಬರೆದರೆ ಓದುವವರ ಬಾಯಿ ತೊಳೆಯಬೇಕಾದೀತು.

ಐತ ಹೊಡೆದಾಡುವ ಗಂಡಸಲ್ಲ. ಬೆನ್ನು ಮೊದಲೇ ಹೋಗಿತ್ತು. ಅವನು ಎರಡನೆಯ ಡಂಪರಿನ ಹಿಂದೆ ಹೋಗಿ ಕೆಸರಿನ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. “ಸುರಿ ನೋಡುವ” ಎಂದ. ಡ್ರೈವರು ಹಿಂದೆ ನೋಡಿದ. ದಂಡೆಯ ಮೇಲಿಂದ ಯಾರೋ “ಗಿರಾವೋ ರೇ” ಎಂದು ಕೂಗಿದರು. ಡಂಪರಿನ ಹಿಂಭಾಗ ಮೇಲೆದ್ದಿತು. ಇಡೀ ಲೋಡು ಒಮ್ಮೆಲೇ ಅವನ ಮೇಲೆ ಜಾರಿತು. ಅವನ ಒಂದು ಕೂಗೂ ಕೇಳಿಸಲಿಲ್ಲ.

ಸಲಾಕೆಯವರೂ ಹೆದರಿ ಹಿಂದೆ ಸರಿದರು. ಹೆಂಗಸರು ಕೈಯಿಂದ ಅಗೆದರು. ಕೆಸರಿನೊಳಗಿನ ಚಿಪ್ಪನ್ನು ಕಾಣದೆಯೇ ಹುಡುಕುವ ಕೈಗಳು ಕಲ್ಲಿನಡಿ ಐತನನ್ನು ಹುಡುಕಿದವು. ಮೊದಲು ಸಿಕ್ಕಿದ್ದು ಕಾಲು. ಸಿಮೆಂಟಿನ ಚಪ್ಪಡಿ ಎತ್ತಲು ಹನ್ನೆರಡು ಜನ ಬೇಕಾಯಿತು. ಅಷ್ಟು ಹೊತ್ತಿಗೆ ನೀರು ಏರತೊಡಗಿತ್ತು. ಮುಖ ಹೊರಗೆ ಬಂದಾಗ ಬಾಯಿ ತುಂಬ ಕೆಸರು, ಎದೆ ಒಳಗೆ ಹೋಗಿತ್ತು. ಸೇವಂತಿ ಬೆರಳು ಹಾಕಿ ಅವನ ಬಾಯಿಯ ಕೆಸರು ತೆಗೆದಳು. ತೆಗೆಯುತ್ತಲೇ ಇದ್ದಳು. ಹಾಲವ್ವ ಮುರಿದ ಕೈಯಿಂದಲೇ ಅವಳನ್ನು ಹಿಡಿದು ನಿಲ್ಲಿಸಬೇಕಾಯಿತು.

ಪೊಲೀಸ್ ಚೌಕಿಯಲ್ಲಿ ಇನ್‌ಸ್ಪೆಕ್ಟರು ಒಂದು ಕಾಗದ ತೆಗೆದು ತೋರಿಸಿದ. ಇದು ಯಾರ ಹೆಬ್ಬೆಟ್ಟು ಎಂದು ಕೇಳಿದ. ನನ್ನದು ಎಂದಳು ಸೇವಂತಿ. ಅವನು ವಿನೋದಿನಿಗೆ ಓದಲು ಹೇಳಿದ. ವಿನೋದಿನಿ ಮರಾಠಿಯಲ್ಲಿ ಓದಿದಳು, ಓದುತ್ತ ಓದುತ್ತ ಅವಳ ದನಿ ಇಳಿಯಿತು. ಈ ಜಾಗ ಖಾಲಿ ಇದೆ, ಇಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ಚಿಪ್ಪು ತೆಗೆಯುವುದಿಲ್ಲ, ಒಂದು ನಾಯಿ ಸಹ ಇಳಿಯುವುದಿಲ್ಲ ಎಂದು ಸ್ಥಳೀಯ ಹೆಂಗಸು ಸೇವಂತಿ ತಾನಾಗಿ ಹೇಳಿರುತ್ತಾಳೆ.

“ಯಾರೂ ಬರದ ಜಾಗದಲ್ಲಿ ನಿನ್ನ ಗಂಡ ಏನು ಮಾಡ್ತಿದ್ದ?” ಇನ್‌ಸ್ಪೆಕ್ಟರು ಕೇಳಿದ. ಉತ್ತರವನ್ನೂ ಅವನೇ ಹೇಳಿದ. “ದಾರು ಕುಡಿದು ಬಿದ್ದಿದ್ದ. ನಡಿ.”

ಐತನ ಸಾವಿನ ಬಗ್ಗೆ ಅವರು ಒಂದು ಸಾಲೂ ಬರೆದುಕೊಳ್ಳಲಿಲ್ಲ.

ಆ ಚಳಿಗಾಲದಲ್ಲಿ ಕೆಸರಿನ ಅರ್ಧಭಾಗ ಕಲ್ಲಿನಡಿ ಹೋಯಿತು. ಅದರ ಮೇಲೆ ಒಬ್ಬ ಬಿಲ್ಡರಿನ ಬೋರ್ಡು ಎದ್ದಿತು. ಬೋರ್ಡಿನಲ್ಲಿ ಈಜುಕೊಳದ ಚಿತ್ರ, ಗಾಳಿಗೆ ಬಗ್ಗಿದ ತೆಂಗಿನಮರದ ಚಿತ್ರ. ಪೂವಪ್ಪ ಅದರಲ್ಲಿ ಪಾಲುದಾರ ಎಂದು ಆಮೇಲೆ ತಿಳಿಯಿತು. ವಿನೋದಿನಿ ಗಾಳಾದ ಕೆಲಸ ಬಿಟ್ಟು ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದಳು. ದಾದರಿನಲ್ಲಿ ಒಬ್ಬ ವಕೀಲ ಕನಿಕರಪಟ್ಟು ಬರೆದುಕೊಟ್ಟ. ಕೊನೆಗೂ ಮೇಲಿನ ಕಚೇರಿಯೊಂದು, ಉಳಿದರ್ಧಕ್ಕೆ ಈಗ ಕೈ ಹಾಕಬೇಡಿ, ಅಲ್ಲಿ ನಿಜಕ್ಕೂ ಯಾರಾದರೂ ದುಡಿಯುತ್ತಾರೋ ಎಂದು ಸಾಹೇಬರೊಬ್ಬರು ಬಂದು ಕಣ್ಣಾರೆ ನೋಡಲಿ ಎಂದು ಹುಕುಂ ಮಾಡಿತು. ತಾರೀಕು ಗೊತ್ತು ಮಾಡುವುದರಲ್ಲಿ ಯಾರ ಕೈ ಇತ್ತೋ, ಹೇಳಬೇಕಾಗಿಲ್ಲ. ನೋಟೀಸು ತಂದ ವಿನೋದಿನಿ ಹೊಸಿಲಲ್ಲೇ ಕೂತುಬಿಟ್ಟಳು. ಸಾಹೇಬರು ಬರುವುದು ಸೆಪ್ಟೆಂಬರಿನಲ್ಲಿ. ಕೆಸರು ಮುಚ್ಚಿರುವ ದಿನಗಳಲ್ಲಿ.

ವಾಡಿಯ ಹೆಂಗಸರೆಲ್ಲ ಸೇವಂತಿಯ ಗುಡಿಸಲ ಮುಂದೆ ಸೇರಿದರು.

“ಒಂದ್ ದಿನಾ ಇಳಿಯೂಣು ಯವ್ವಾ,” ಎಂದಳು ಹಾಲವ್ವ. “ಸಾಹೇಬ ಬಂದಾಗ ಬುಟ್ಟಿ ಹಿಡಕೊಂಡು ಬಗ್ಗಿ ನಿಂತ್ರ ಸಾಕು. ನೋಡಿ ಬರಕೊಂಡು ಹೋಗ್ಲಿ. ಮರುದಿನ ಮತ್ತ ಚಿಂದಿ ಕಟ್ಟೂಣು.”

“ನಲವತ್ತು ಹೆಂಗಸರು. ಎಂಬತ್ತು ಕಾಲು,” ಎಂದಳು ಸೇವಂತಿ. “ಮೊದಲೇ ಅರ್ಧ ಹೋಗಿದೆ. ಇದ್ದ ಮರಿಯನ್ನೂ ತುಳಿದರೆ ದೀಪಾವಳಿಗೆ ಎಂತ ತೆಗೀತಿ? ಕಲ್ಲಾ?”

“ಅಮ್ಮಾ, ಸಮಝೋ ನಾ,” ವಿನೋದಿನಿ ಅಳುವ ದನಿಯಲ್ಲಿ ಹೇಳಿದಳು. “ಈ ಸಲ ಖಾಲಿ ಅಂತ ಬರೆದ್ರೆ ಖತಂ. ಎಲ್ಲ ಹೋಗ್ತದೆ. ಮರಿ ಇದ್ದರೂ ಹೋಗ್ತದೆ.”

“ಅವನು ಬರೆಸಿದ ಸುಳ್ಳನ್ನು ಸುಳ್ಳು ಮಾಡ್ಲಿಕ್ಕೆ ನನ್ನ ಅನ್ನವನ್ನು ನಾನೇ ತುಳಿಬೇಕಾ? ನಾನು ತುಳಿಯುದಿಲ್ಲ.”

“ಹಂಗಂದ್ರ ಏನ್ ಮಾಡ್ತಿ?” ಹಾಲವ್ವ ಸಿಟ್ಟಿನಿಂದ ಕೇಳಿದಳು. “ನಿನ್ನ ಹೆಬ್ಬೆಟ್ಟಿನಿಂದ್ಲೇ ಇಷ್ಟೆಲ್ಲ ಆತು. ಈಗ ಮತ್ತ ನಿನ್ನ ಮಾತು ಕೇಳಬೇಕೇನು ನಾವು?”

ಹಾಲವ್ವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೇವಂತಿ ತಲೆ ತಗ್ಗಿಸಿ ತನ್ನ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು.

“ಕೇಳಬೇಡ,” ಎಂದಳು. “ನನಗೆ ಬೇಕಾದ್ರೆ ಹೊಡಿ. ಇಳಿಯುದು ಮಾತ್ರ ಬೇಡ.”

ಹಾಲವ್ವ ಹೊಡೆಯಲಿಲ್ಲ. ಅವಳ ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳುಗಳು ಸೇವಂತಿಯ ತಲೆಯ ಮೇಲೆ ಒಂದು ಗಳಿಗೆ ಕೂತವು. ಇಳಿಯುವುದು ಬೇಡ ಎಂದೇ ತೀರ್ಮಾನವಾಯಿತು. ಸಾಹೇಬರಿಗೆ ಬಾಯಿಂದ ಹೇಳಿ ನೋಡೋಣ, ಅವರೂ ಮನುಷ್ಯರಲ್ಲವೇ ಎಂದುಕೊಂಡರು.

ಸಾಹೇಬ ಬಂದ. ದಪ್ಪ ಕನ್ನಡಕ, ಬಿಳಿ ಸಫಾರಿ, ಮೂಗಿಗೆ ಕರವಸ್ತ್ರ. ಜೊತೆಗೆ ಪೂವಪ್ಪ, ಚಾಂಗದೇವ, ಇಬ್ಬರು ಪೊಲೀಸರು. ನೀರು ಇಳಿದು ಕೆಸರು ನುಣ್ಣಗೆ ಬಿದ್ದಿತ್ತು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಹೆಂಗಸರು ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ವಿನೋದಿನಿ ಮರಾಠಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಮರಿ ಕೂರುವ ಕಾಲ, ಚಿಂದಿ, ದೀಪಾವಳಿ. ಸಾಹೇಬ ಗಡಿಯಾರ ನೋಡಿಕೊಂಡ. ನಾನು ಕಂಡದ್ದನ್ನು ಬರೆಯುತ್ತೇನೆ, ಕೇಳಿದ್ದನ್ನಲ್ಲ ಎಂದ. ಇಲ್ಲಿ ಯಾರೂ ಕಾಣುತ್ತಿಲ್ಲವಲ್ಲ ಎಂದ. ಅವನಿಗೆ ಎದುರಿಗೆ ನಿಂತ ನಲವತ್ತು ಜನ ಕಾಣುತ್ತಿರಲಿಲ್ಲ, ಕನ್ನಡಕ ಅಷ್ಟು ದಪ್ಪವಿದ್ದರೂ.

ಪೂವಪ್ಪನಿಗೆ ಅವಸರ. ಸಾಹೇಬನಿಗೆ ಅನುಮಾನವೇ ಉಳಿಯದಂತೆ ಮಾಡಿಬಿಡೋಣ ಎಂದು ಬೂಟು ಕಳಚಿದ, ಪ್ಯಾಂಟು ಮೊಣಕಾಲಿಗೆ ಮಡಚಿದ, ಚಿಂದಿ ಕಟ್ಟಿದ ಬಿದಿರನ್ನು ದಾಟಿ ಅಂಚಿನ ಆಳವಿಲ್ಲದ ಕೆಸರಿಗೆ ಇಳಿದ. ಇಪ್ಪತ್ತು ಹೆಜ್ಜೆ ನಡೆದು ಎರಡೂ ಕೈ ಚಾಚಿದ.

“ದೇಖಿಯೇ ಸಾಬ್. ಖಾಲಿ. ಬರೀ ಕೆಸರು.”

“ಧಣಿ, ಮೇಲೆ ಬನ್ನಿ,” ಎಂದಳು ಸೇವಂತಿ. ಅವಳ ದನಿ ಇನ್ನೂ ಮೆತ್ತಗೇ ಇತ್ತು. “ಅದು ಮುಚ್ಚಿದ್ದು. ನೀವು ಮರಿಯ ಮೇಲೆ ನಿಂತಿದ್ದೀರಿ.”

ಪೂವಪ್ಪ ನಿಂತಲ್ಲೇ ಹಿಮ್ಮಡಿ ತಿರುವಿದ. ಬೇಕೆಂದೇ ತಿರುವಿದ.

“ಊರಲ್ಲಿ ನಿನ್ನ ಮಾವ ನಮ್ಮ ಅಂಗಳಕ್ಕೆ ಕಾಲಿಡ್ಲಿಕ್ಕೆ ಇರ್ಲಿಲ್ಲ,” ಎಂದ. “ಗೋಡೆಯಾಚೆ ನಿಂತು ಕೂಗಬೇಕಿತ್ತು. ಈಗ ನೀನು ನನಗೆ ಕಾಲಿಡ್ಬೇಡ ಅಂತ ಹೇಳ್ತೀಯಾ? ಹೊಲತಿ, ನಿನ್ನ ಗಂಡ ಸತ್ತದ್ದು ಸಾಲದಾ ನಿನಗೆ?”

ಸೇವಂತಿ ಇಳಿದಳು.

ಇಳಿದದ್ದು ಹೇಗೆಂದರೆ, ಅವನ ಹೆಜ್ಜೆಯ ಗುರುತಿನಲ್ಲೇ ಒಂದೊಂದೇ ಕಾಲಿಟ್ಟು. ಹೊಸದಾಗಿ ಒಂದು ಮರಿಯೂ ಸಾಯಬಾರದು. ಎದೆ ಹೊತ್ತಿ ಉರಿಯುತ್ತಿದ್ದರೂ ಅವಳ ಕಾಲು ಲೆಕ್ಕ ತಪ್ಪಲಿಲ್ಲ. ಪೂವಪ್ಪ ನಗುತ್ತ ನೋಡುತ್ತಿದ್ದ. ಇಪ್ಪತ್ತನೆಯ ಹೆಜ್ಜೆಗೆ ಅವಳು ಅವನ ಎದುರಿಗೆ ಬಂದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ, ಗಟ್ಟಿಯಾಗಿ ಕೂತ ಚಿಪ್ಪು ಕೀಳುವ ಕಬ್ಬಿಣದ ಕೊಕ್ಕೆ ತೆಗೆದು, ಅದರ ಮರದ ಹಿಡಿಯಿಂದ ಅವನ ಬಾಯಿಗೆ ಬಾರಿಸಿದಳು. ಹಲ್ಲು ಮುರಿದ ಸದ್ದು ದಂಡೆಗೂ ಕೇಳಿಸಿತು. ಅವನು ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದ ರಕ್ತ ಇಳಿಯಿತು. ಎರಡನೆಯದು ಕಿವಿಗೆ ಬಿತ್ತು.

“ನಡಿ,” ಎಂದಳು. “ಬಂದ ಹೆಜ್ಜೆಯಲ್ಲೇ ನಡಿ. ಆಚೀಚೆ ಇಟ್ಟರೆ ಕಾಲು ಮುರಿತೇನೆ.”

ಕೋಟಿ ಬಾಳುವ ಪೂವಪ್ಪ, ಕುತ್ತಿಗೆಯ ಮೇಲೆ ಕೊಕ್ಕೆ ಇಟ್ಟುಕೊಂಡು, ತನ್ನ ಹೆಜ್ಜೆಯ ಮೇಲೆ ತಾನೇ ಹೆಜ್ಜೆ ಇಡುತ್ತ ವಾಪಸು ಬಂದ. ದಂಡೆಗೆ ಕಾಲಿಟ್ಟದ್ದೇ ತಡ, ನಲವತ್ತು ಹೆಂಗಸರು ಮೇಲೆ ಬಿದ್ದರು. ಬುಟ್ಟಿಯಿಂದ ಹೊಡೆದರು, ಚಪ್ಪಲಿಯಿಂದ ಹೊಡೆದರು, ಬರಿಗೈಯಿಂದ ಹೊಡೆದರು. ಹಾಲವ್ವ ಸೊಟ್ಟ ಕೈಯನ್ನೇ ಮುಷ್ಟಿ ಮಾಡಿ ಗುದ್ದಿದಳು. ಅಂದು ಬಸುರಿಯಾಗಿದ್ದ ಹೆಂಗಸು, ಕೂಸು ಸತ್ತೇ ಹುಟ್ಟಿತ್ತು ಅವಳಿಗೆ, ಅವಳು ಅವನ ಮುಖಕ್ಕೆ ಉಗುಳಿ, ಆಮೇಲೆ ಕಚ್ಚಿದಳು. ಪೊಲೀಸರು ಲಾಠಿ ಬೀಸಿದರು. ತಲೆಗಳು ಒಡೆದವು. ಯಾರೂ ಬಿಡಲಿಲ್ಲ. ನಡುವೆ ಸಿಕ್ಕಿಕೊಂಡ ಸಾಹೇಬ ಕೆಸರಿಗೆ ಕೂತ, ಅವನ ಕನ್ನಡಕ ಯಾರದೋ ಕಾಲಡಿ ಪುಡಿಯಾಯಿತು. ಅವನ ಸಿಟ್ಟು ನೆತ್ತಿಗೇರಿತು. ಅಲ್ಲೇ, ಕೆಸರು ಮೆತ್ತಿದ ಫೈಲಿನ ಮೇಲೆಯೇ, ಕಣ್ಣು ಕಿರಿದು ಮಾಡಿಕೊಂಡು ಕಂಡದ್ದನ್ನು ಕಂಡಂತೆ ಬರೆದು ಮೊಹರು ಒತ್ತಿದ.

ಹನ್ನೊಂದು ಹೆಂಗಸರನ್ನು ವ್ಯಾನಿಗೆ ತುಂಬಿದರು. ಚೌಕಿಯಲ್ಲಿ ಇನ್‌ಸ್ಪೆಕ್ಟರು ಮೊದಲು ಹೊಡೆದು ಆಮೇಲೆ ಹೆಸರು ಕೇಳಿದ. ಸೇವಂತಿಯನ್ನು ಬೆಂಚಿನ ಮೇಲೆ ಮಲಗಿಸಿ ಇಬ್ಬರು ಹಿಡಿದುಕೊಂಡರು, ಮೂರನೆಯವನು ಬೆಲ್ಟಿನಿಂದ ಅಂಗಾಲಿಗೆ ಬಾರಿಸಿದ. ಅವಳು ಕೂಗಿದಳು. ಕೂಗದೆ ಸಹಿಸಿಕೊಳ್ಳಲು ಅವಳೇನು ಕಲ್ಲಲ್ಲ. ಊರಿನ ದೈವಗಳನ್ನೆಲ್ಲ ಕರೆದು ಕೂಗಿದಳು. ಪೂವಪ್ಪನ ಮುರಿದ ನಾಲ್ಕು ಹಲ್ಲಿಗೆ ಮೂರು ಹಾಳೆ ದೂರು ಬರೆಯಲಾಯಿತು, ನಂಬರು ಹಾಕಲಾಯಿತು.

ಸಂಜೆಯ ಹೊತ್ತಿಗೆ ಬಿಲ್ಡರಿನ ವಕೀಲ ಬಂದ. ದೂರು ಓದಿದ. ಸಾಹೇಬನ ಕಾಗದವನ್ನೂ ಓದಿದ. ಅವನ ಮುಖ ಬಿಳಿಚಿಕೊಂಡಿತು. ಪೂವಪ್ಪನನ್ನು ಮೂಲೆಗೆ ಕರೆದು ಪಿಸಪಿಸ ಮಾತಾಡಿದ. ಬಾಗಿಲಲ್ಲಿ ಕೂತಿದ್ದ ವಿನೋದಿನಿಗೆ ಅರ್ಧಂಬರ್ಧ ಕೇಳಿಸಿತು. ಅಷ್ಟೇ ಸಾಕಾಯಿತು. ಅವಳು ಲಾಕಪ್ಪಿನ ಸರಳಿನ ಬಳಿಗೆ ಓಡಿ ಬಂದಳು.

“ಅಮ್ಮಾ, ಅವನ ದೂರಿನಲ್ಲಿ ಎಲ್ಲ ಬರೆದಿದ್ದಾರೆ. ಈ ಹೆಂಗಸರು ಮರುವಾಯಿ ತೆಗೆಯುವ ಕೆಸರು, ಮರಿ ಬೆಳೀಲಿ ಅಂತ ಇವರೇ ಮುಚ್ಚಿದ್ದು, ಇಳಿದದ್ದಕ್ಕೆ ಹೊಡೆದ್ರು ಅಂತ. ಸಾಹೇಬನೂ ಹಾಗೇ ಬರೆದು ಸಿಕ್ಕಾ ಹೊಡೆದಿದ್ದಾನೆ. ಈ ಕೇಸು ಕೋರ್ಟಿಗೆ ಹೋದ್ರೆ ಕೆಸರು ಖಾಲಿ ಅಂತ ಅವರು ಹೇಳೋಕಾಗಲ್ಲ. ಅದಕ್ಕೇ ವಾಪಸ್ ತಗೊಳ್ತಾರೆ. ನೀನು ಹೂಂ ಅನ್ಬೇಡ.”

ಇನ್‌ಸ್ಪೆಕ್ಟರು ಸೇವಂತಿಯನ್ನು ಹೊರಗೆ ಕರೆಸಿದ. ಅವಳಿಗೆ ನಿಲ್ಲಲಾಗುತ್ತಿರಲಿಲ್ಲ, ಊದಿದ ಕಾಲನ್ನು ಎಳೆದುಕೊಂಡು ಬಂದು ಗೋಡೆಗೆ ಒರಗಿದಳು. ಈಗ ಅವನ ಮಾತು ಬೆಣ್ಣೆಯಂತಿತ್ತು. ಎರಡೂ ಕಡೆಯವರು ರಾಜಿಯಾದರು ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಹನ್ನೊಂದು ಜನರೂ ಈಗಲೇ ಮನೆಗೆ ಹೋಗಬಹುದು. ಇಲ್ಲದಿದ್ದರೆ ಕೊಲ್ಲಲು ಹೋದ ಕೇಸು. ವರ್ಷಗಟ್ಟಲೆ ಜೈಲು.

ಪೂವಪ್ಪ ಊದಿದ ತುಟಿಯಿಂದ ಹೇಳಿದ, “ಮನೆಗೆ ಹೋಗು ಮಾರಾಯ್ತಿ. ನಾವು ಒಂದೇ ಊರಿನವರು. ನಿನ್ನ ಮೇಲೆ ನನಗೆ ಎಂತ ದೂರೂ ಇಲ್ಲ.”

ಸೇವಂತಿ ಅವನನ್ನು ನೋಡಿದಳು. ಅವನು ಕೂತಿದ್ದ, ಅವಳು ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳು ಅವನನ್ನು ಹೆಸರು ಹಿಡಿದು ಕರೆದಳು.

“ಪೂವಪ್ಪ, ನನ್ನ ಜಾಗಕ್ಕೆ ಕಾಲಿಟ್ಟೆ, ನಾನು ಹೊಡೆದೆ. ನಿನ್ನ ಹಲ್ಲು ಉದುರಿಸಿದ್ದು ನಾನೇ. ನಾಳೆ ಇಳಿದರೂ ಹೊಡಿತೇನೆ. ನೀನು ಬರೆಸಿದ್ದರಲ್ಲಿ ಒಂದಕ್ಷರ ಅಳಿಸಬಾರದು. ನಾನು ಜೈಲಿಗೆ ಹೋಗ್ತೇನೆ.”

“ನಾವೂ ಹೊಕ್ಕೇವಿ,” ಸರಳಿನ ಹಿಂದಿನಿಂದ ಹಾಲವ್ವ ಕೂಗಿದಳು. “ನಾನೂ ಗುದ್ದೀನಿ, ಬರಕೋ. ಐದು ಗುದ್ದು ನಂದು.”

ಇನ್‌ಸ್ಪೆಕ್ಟರು ಎದ್ದು ಬಂದು ಸೇವಂತಿಯ ಕೆನ್ನೆಗೆ ಬಿಗಿದ. ಅವಳ ಮಣಿಕಟ್ಟು ಹಿಡಿದು, ಕೈಯನ್ನು ಶಾಯಿಯ ಡಬ್ಬಿಯ ಕಡೆಗೆ ಎಳೆದ. ಅವಳು ಅವನ ಕೈಯನ್ನು ಕಚ್ಚಿದಳು. ಅವನು ಮತ್ತೆ ಹೊಡೆದ. ಅವಳು ಬೆರಳುಗಳನ್ನೆಲ್ಲ ಒಳಗೆ ಮಡಚಿ ಮುಷ್ಟಿ ಬಿಗಿದುಕೊಂಡಳು. ಐದು ತಾಸು ಕೆಸರಿನೊಳಗೆ ಚಿಪ್ಪು ಕೀಳುವ ಕೈ ಅದು. ಇನ್‌ಸ್ಪೆಕ್ಟರು ಬಿಡಿಸಲು ನೋಡಿದ, ಪೇದೆಯೂ ನೋಡಿದ. ಆಗಲಿಲ್ಲ. ಡಬ್ಬಿ ಉರುಳಿ ಶಾಯಿ ಮೇಜಿನ ಮೇಲೆಲ್ಲ ಹರಿಯಿತು. ವಕೀಲ ತನ್ನ ಚೀಲ ಎತ್ತಿಕೊಂಡು ಹೊರಗೆ ನಡೆದ. ಪೂವಪ್ಪ ಅವನ ಹಿಂದೆಯೇ ಹೋದ.

“ಸಾಲಿ ಕೋ ಅಂದರ್ ಡಾಲೋ,” ಎಂದ ಇನ್‌ಸ್ಪೆಕ್ಟರು, ಕೈಗೆ ಕರವಸ್ತ್ರ ಸುತ್ತಿಕೊಳ್ಳುತ್ತ.

ಒಳಗೆ ಹಾಕುವುದಕ್ಕೂ ಒಂದು ಕಾಗದ ಬೇಕಲ್ಲ. ಮುದಿ ಪೇದೆಯೊಬ್ಬ ದೊಡ್ಡ ಪುಸ್ತಕ ತೆರೆದು ಒಂದೊಂದಾಗಿ ಕೇಳತೊಡಗಿದ. ಹೆಸರು. ವಯಸ್ಸು. ಇರುವ ಜಾಗ.

“ಗಂಡನ ಹೆಸರು?”

“ಐತ.”

“ಏನು ಮಾಡ್ತಾನೆ?”

“ಸತ್ತಿದ್ದಾರೆ.”

“ಹೇಗೆ?”

ಪೇದೆ ಅಭ್ಯಾಸಬಲದಿಂದ ಕೇಳಿದ್ದ. ಪುಸ್ತಕದಲ್ಲಿ ಅದಕ್ಕೊಂದು ಜಾಗವೂ ಇರಲಿಲ್ಲ. ಸೇವಂತಿ ಗೋಡೆ ಬಿಟ್ಟು ಮುಂದೆ ಬಂದಳು. ಊದಿದ ಅಂಗಾಲು ನೆಲಕ್ಕೆ ತಾಗಿದಾಗ ಅವಳ ಕಣ್ಣಲ್ಲಿ ನೀರು ಬಂತು. ಎರಡೂ ಕೈಯನ್ನು ಶಾಯಿ ಚೆಲ್ಲಿದ ಮೇಜಿನ ಮೇಲೆ ಊರಿದಳು.

“ಇದೇ ಕೇಸಿನ ಜಾಗದಲ್ಲಿ. ಡಂಪರಿನಿಂದ ಕಲ್ಲು ಸುರಿದು ಕೊಂದರು. ದೀಪಾವಳಿಯ ಬೆಳಿಗ್ಗೆ. ನನ್ನ ಗಂಡ ಕುಡಿದಿರಲಿಲ್ಲ. ಲಿಖೋ.”

ಪೇದೆ ಇನ್‌ಸ್ಪೆಕ್ಟರಿನ ಮುಖ ನೋಡಿದ. ಇನ್‌ಸ್ಪೆಕ್ಟರು ಕಚ್ಚಿಸಿಕೊಂಡ ಕೈಯನ್ನು ನೋಡಿಕೊಳ್ಳುತ್ತಿದ್ದ.

“ಲಿಖೋ,” ಎಂದಳು ಸೇವಂತಿ. ಸರಳಿನ ಹಿಂದಿನಿಂದ ಹತ್ತು ಹೆಂಗಸರು ಕೂಗಿದರು, ಲಿಖೋ. ಬಾಗಿಲಲ್ಲಿ ವಿನೋದಿನಿ ಎದ್ದು ನಿಂತಳು. ಪೇದೆ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ಐತ ಸತ್ತದ್ದು ಹೇಗೆಂದು ಬರೆಯತೊಡಗಿದ.